ಫೆರಿಷ್ತಾ ಯಾರು? ಆತನ ಮಾತು ಎಷ್ಟು ನಂಬಬೇಕು?

ಪ್ರಶ್ನೆ: ಸರ್, ನಮ್ಮದು ತಾಳಿಕೋಟೆ. 1565ರ ಯುದ್ಧದ ಮಾತು ಬಂದಾಗೆಲ್ಲ ನಮ್ಮ ಗೆಳೆಯರ ಗುಂಪಿನಲ್ಲಿ ಫೆರಿಷ್ತಾ ಎಂಬ ಹೆಸರು ಬರುತ್ತದೆ. ‘ಫೆರಿಷ್ತಾ ಬರದಾನ, ಮುಗೀತು’ ಅಂತಾನೆ ಒಬ್ಬ. ‘ಅವ ಇರಾನದಾಂವ, ಸುಲ್ತಾನನ ಪಗಾರ ತಿಂದಾಂವ, ಅವನ ಮಾತೇನು ಹಿಡೀತಿ’ ಅಂತಾನೆ ಇನ್ನೊಬ್ಬ. ನಿಜಕ್ಕೂ ಆತ ಯಾರು? ನಮ್ಮ ಕಡೆಯವನಾ, ಹೊರಗಿನವನಾ? ಆತ ಬರೆದದ್ದನ್ನು ಎಷ್ಟು ನಂಬಬಹುದು? ಓದಬೇಕೆಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಗೆಳೆಯರಿಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಫೆರಿಷ್ತಾ ವಿಜಯಪುರದಲ್ಲಿ ಕೂತು ಫಾರಸಿಯಲ್ಲಿ ಬರೆದ ಇತಿಹಾಸದ ಪುಸ್ತಕ ಮೊದಲಿನಿಂದ ಕೊನೆವರೆಗೂ ಒಂದೇ ತರಹದ್ದು ಎಂದುಕೊಂಡಿದ್ದಾರೆ. ಅದು ಹಾಗಿಲ್ಲ. ಕೆಲವು ಪುಟಗಳಲ್ಲಿ ಆತ ಕಣ್ಣಾರೆ ಕಂಡದ್ದನ್ನು ಹೇಳುತ್ತಾನೆ. ಕೆಲವು ಕಡೆ ಈಗ ಎಲ್ಲೂ ಸಿಗದ ಹಳೆಯ ಪುಸ್ತಕಗಳ ಮಾತನ್ನು ಉಳಿಸಿಕೊಟ್ಟಿದ್ದಾನೆ. ಇನ್ನು ಕೆಲವು ಕಡೆ ದರ್ಬಾರಿನಲ್ಲಿ ಓಡಾಡುತ್ತಿದ್ದ ಕಟ್ಟುಕಥೆಯನ್ನೇ ಇತಿಹಾಸ ಅಂತ ಬರೆದಿದ್ದಾನೆ. ಯಾವ ಪುಟ ಯಾವ ಜಾತಿಯದ್ದು ಅಂತ ತಿಳಿಯಬೇಕಾದರೆ ಮೊದಲು ಆತನ ಬದುಕು ಗೊತ್ತಿರಬೇಕು.

ಪೂರ್ತಿ ಹೆಸರು ಮುಹಮ್ಮದ್ ಖಾಸಿಂ ಹಿಂದೂಶಾಹ ಅಸ್ತರಾಬಾದಿ. ಫೆರಿಷ್ತಾ ಎಂಬುದು ಕಾವ್ಯನಾಮ. ಹುಟ್ಟಿದ್ದು ಸುಮಾರು 1570ರಲ್ಲಿ, ಕ್ಯಾಸ್ಪಿಯನ್ ಸಮುದ್ರದ ಹತ್ತಿರದ ಅಸ್ತರಾಬಾದಿನಲ್ಲಿ. ಇವತ್ತು ಆ ಊರಿಗೆ ಗೋರ್ಗಾನ್ ಅನ್ನುತ್ತಾರೆ, ಇರಾನಿನಲ್ಲಿದೆ. ತಂದೆ ಗುಲಾಂ ಅಲಿ ಹಿಂದೂಶಾಹ ಓದಿದವನು. ಆ ಕಾಲದಲ್ಲಿ ಇರಾನಿನ ಓದಿದವರಿಗೆ, ಕುಶಲಕರ್ಮಿಗಳಿಗೆ, ಸೈನಿಕರಿಗೆ ದಖನ್ ಎಂದರೆ ನೌಕರಿ ಸಿಗುವ ನಾಡು. ತಂದೆ ಮಗನನ್ನು ಕರೆದುಕೊಂಡು ಅಹ್ಮದ್‌ನಗರಕ್ಕೆ ಬಂದ. ಅಲ್ಲಿನ ಸುಲ್ತಾನ ಮುರ್ತಜಾ ನಿಜಾಮ್ ಶಾಹನ ಮಗ ಮೀರಾನ್ ಹುಸೇನನಿಗೆ ಫಾರಸಿ ಕಲಿಸುವ ಕೆಲಸ ಸಿಕ್ಕಿತು. ಸ್ವಲ್ಪ ದಿನಕ್ಕೇ ತಂದೆ ತೀರಿಕೊಂಡ. ಹುಡುಗ ಅರಮನೆಯ ಆಶ್ರಯದಲ್ಲೇ, ರಾಜಕುಮಾರನ ಜೊತೆಯಲ್ಲೇ ಓದಿ ಬೆಳೆದ.

ಈ ಸಹಪಾಠಿಯ ನಂಟು ಮುಂದೆ ಆತನ ಜೀವ ಉಳಿಸಿತು. 1588ರಲ್ಲಿ ಮೀರಾನ್ ಹುಸೇನ್ ತಂದೆಯ ಮೇಲೇ ತಿರುಗಿ ಬಿದ್ದ. ಆಗ ಫೆರಿಷ್ತಾ ಅರಮನೆ ಕಾವಲಿನ ಅಧಿಕಾರಿ. ಹಳೆಯ ಸುಲ್ತಾನನ ಪಕ್ಕದಲ್ಲಿದ್ದವರನ್ನು ಕೊಲ್ಲುತ್ತಿದ್ದಾಗ ರಾಜಕುಮಾರ ಗುರುತು ಹಿಡಿದು ಬಿಡಿಸಿದ. ಮುರ್ತಜಾನನ್ನು ಮಾತ್ರ ಕಾಯಿಸಿದ ಹಮ್ಮಾಮಿನಲ್ಲಿ, ಅಂದರೆ ಸ್ನಾನದ ಮನೆಯಲ್ಲಿ, ಕೂಡಿಹಾಕಿ ಕೊಂದರು. ಕೊಲ್ಲಿಸಿದ ಮಗನಾದರೂ ಹೆಚ್ಚು ದಿನ ಬಾಳಲಿಲ್ಲ. ವರ್ಷ ತುಂಬುವುದರೊಳಗೆ ಅವನ ಕೊಲೆಯೂ ಆಯಿತು. ಅದರ ಹಿಂದೆಯೇ ಊರಿನಲ್ಲಿ ಪರದೇಶಿಗಳ ಕಗ್ಗೊಲೆ ನಡೆಯಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಇದು ತಿಳಿಯದೆ ಫೆರಿಷ್ತಾ ಅರ್ಥವಾಗುವುದಿಲ್ಲ. ದಖನಿನ ಸುಲ್ತಾನರ ದರ್ಬಾರುಗಳಲ್ಲಿ ಆಗ ದೊಡ್ಡ ಜಗಳ ಹಿಂದೂ-ಮುಸ್ಲಿಂ ನಡುವಿನದಲ್ಲ. ಅದು ‘ದಖನಿ’ ಮತ್ತು ‘ಪರದೇಶಿ’ ಗುಂಪುಗಳ ಜಗಳ. ತಲೆಮಾರುಗಳಿಂದ ಇಲ್ಲೇ ಇದ್ದ ಮುಸ್ಲಿಮರು ದಖನಿಗಳು. ಆಫ್ರಿಕಾ ಮೂಲದ ಹಬಶಿಗಳು ಬಹಳ ಸಲ ಅವರ ಕಡೆ ಇರುತ್ತಿದ್ದರು. ಇರಾನ್, ಮಧ್ಯ ಏಷ್ಯಾಗಳಿಂದ ಹೊಸದಾಗಿ ಬಂದವರು ಪರದೇಶಿಗಳು. ಇವರಲ್ಲಿ ಶಿಯಾಗಳೇ ಜಾಸ್ತಿ. ನೌಕರಿ, ಜಹಗೀರು, ಭಾಷೆ, ಪಂಥ ಎಲ್ಲದರಲ್ಲೂ ಪೈಪೋಟಿ. ಫೆರಿಷ್ತಾ ಪರದೇಶಿ, ಶಿಯಾ. ಅಹ್ಮದ್‌ನಗರದಲ್ಲಿ ಜಮಾಲ್ ಖಾನನ ದಖನಿ ಗುಂಪು ಮೇಲುಗೈ ಪಡೆದಾಗ ಆತನಿಗೆ ಉಳಿಗಾಲವಿರಲಿಲ್ಲ. 1589ರಲ್ಲಿ ವಿಜಯಪುರದ ದಾರಿ ಹಿಡಿದ. ಆಗ ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ.

ಆಗಿನ ವಿಜಯಪುರವನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಗೋಲಗುಮ್ಮಟ ಇಲ್ಲ. ಅದು ಮುಗಿದದ್ದು 1656ರ ಹೊತ್ತಿಗೆ. ಇಬ್ರಾಹಿಂ ರೋಜಾ ಇಲ್ಲ, ತಾಜ್ ಬಾವಡಿ ಇಲ್ಲ, ಆಸಾರ್ ಮಹಲ್ ಇಲ್ಲ. ಇದ್ದದ್ದು ಒಂದನೇ ಅಲಿ ಆದಿಲ್ ಶಾಹ ಕಟ್ಟಿಸಿದ ಊರು: ಕೋಟೆಗೋಡೆ, ಗಗನ್ ಮಹಲ್, ಜಾಮಿ ಮಸೀದಿ, ಚಾಂದ್ ಬಾವಡಿ. ಪ್ರವಾಸಿಗಳು ಇವತ್ತು ನೋಡಲು ಬರುವ ಅರ್ಧ ವಿಜಯಪುರವನ್ನು ಫೆರಿಷ್ತಾ ನೋಡಿಯೇ ಇರಲಿಲ್ಲ ಅಂದರೆ ನಡೆದೀತು.

ಗಾದಿಯ ಮೇಲೆ ಇದ್ದವನು ಎರಡನೇ ಇಬ್ರಾಹಿಂ ಆದಿಲ್ ಶಾಹ. ಆತನೂ ಹೆಚ್ಚುಕಡಿಮೆ ಫೆರಿಷ್ತಾನ ವಯಸ್ಸಿನವನೇ. ಆಡಳಿತ ಮಾತ್ರ ದಿಲಾವರ್ ಖಾನನ ಕೈಯಲ್ಲಿ. ಫೆರಿಷ್ತಾ ಸೈನ್ಯಕ್ಕೆ ಸೇರಿದ. ಮರುವರ್ಷವೇ ಜಮಾಲ್ ಖಾನನ ವಿರುದ್ಧದ ಯುದ್ಧದಲ್ಲಿ ಗಾಯಗೊಂಡು ಸೆರೆ ಸಿಕ್ಕಿದ. ಹೇಗೋ ತಪ್ಪಿಸಿಕೊಂಡು ಬಂದ. ಆಮೇಲೆ ಇಬ್ರಾಹಿಂ ದಿಲಾವರ್ ಖಾನನನ್ನು ಕೆಳಗಿಳಿಸಿ ತಾನೇ ಅಧಿಕಾರ ಹಿಡಿದ. 1593ರಲ್ಲಿ ಫೆರಿಷ್ತಾನಿಗೆ ಸುಲ್ತಾನನ ಭೇಟಿ ಸಿಕ್ಕಿತು. ಸುಲ್ತಾನ ಆತನ ಕೈಗೆ ‘ರೌಜತುಸ್ಸಫಾ’ ಎಂಬ ಫಾರಸಿ ಇತಿಹಾಸದ ಪ್ರತಿ ಕೊಟ್ಟ. ಹಿಂದೂಸ್ತಾನದ ಇತಿಹಾಸ ಬರೆದವರು ದಖನಿನ ಬಗ್ಗೆ ಸರಿಯಾಗಿ ಬರೆದಿಲ್ಲ, ಆ ಕೊರತೆ ನೀನು ತುಂಬು, ಸುಳ್ಳು ಮತ್ತು ಹೊಗಳಿಕೆ ಬೇಡ ಎಂದ. ಹೀಗಂತ ಹೇಳುವವನೂ ಫೆರಿಷ್ತಾನೇ ಅನ್ನಿ. ಹೊಗಳಿಕೆ ಬೇಡ ಎಂದ ಸುಲ್ತಾನನನ್ನು ಆತ ಪುಸ್ತಕದುದ್ದಕ್ಕೂ ಧಾರಾಳವಾಗಿಯೇ ಹೊಗಳಿದ್ದಾನೆ.

ಈ ಸುಲ್ತಾನನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಇಬ್ರಾಹಿಂ ಸ್ವತಃ ಕವಿ, ಹಾಡುಗಾರ. ದಖನಿ ಭಾಷೆಯಲ್ಲಿ ‘ಕಿತಾಬೆ ನೌರಸ್’ ಬರೆದ. ಅದು ರಾಗಗಳಿಗೆ ಹೊಂದಿಸಿದ ಹಾಡುಗಳ ಪುಸ್ತಕ. ಅದರಲ್ಲಿ ಸರಸ್ವತಿಯ ಸ್ತುತಿ ಇದೆ, ಗಣಪತಿ ಇದ್ದಾನೆ, ಪ್ರವಾದಿ ಇದ್ದಾರೆ, ಕಲಬುರಗಿಯ ಸೂಫಿ ಸಂತ ಬಂದೇನವಾಜರೂ ಇದ್ದಾರೆ. ಜನ ಆತನನ್ನು ಜಗದ್ಗುರು ಎಂದು ಕರೆದರು. 1599ರಲ್ಲಿ ತೊರವಿಯ ಬಳಿ ನೌರಸ್‌ಪುರ ಎಂಬ ಹೊಸ ಊರು ಕಟ್ಟಿಸಲು ಶುರು ಮಾಡಿದ. ಕುಮಾರವಾಲ್ಮೀಕಿಯ ತೊರವೆ ರಾಮಾಯಣ ಹುಟ್ಟಿದ, ನರಸಿಂಹ ದೇವರಿರುವ ತೊರವಿಯೇ ಅದು. ಅಲ್ಲಿನ ಸಂಗೀತ ಮಹಲಿನ ಗೋಡೆಗಳು ಈಗಲೂ ನಿಂತಿವೆ. ಫೆರಿಷ್ತಾ 1606-07ರ ಹೊತ್ತಿಗೆ ಪುಸ್ತಕದ ಮೊದಲ ರೂಪವನ್ನು ‘ಗುಲ್ಶನೆ ಇಬ್ರಾಹಿಮಿ’ ಎಂದು ಸುಲ್ತಾನನಿಗೆ ಒಪ್ಪಿಸಿದ. ಕೆಲವು ವರ್ಷಗಳ ನಂತರ ತಿದ್ದಿದ ರೂಪಕ್ಕೆ ‘ನೌರಸ್‌ನಾಮಾ’ ಎಂಬ ಹೆಸರು ಬಂತು. ಸಾಮಾನ್ಯವಾಗಿ ಎಲ್ಲರೂ ‘ತಾರೀಖೆ ಫೆರಿಷ್ತಾ’ ಅನ್ನುತ್ತಾರೆ.

ಆತ ಮೂಲೆಯಲ್ಲಿ ಕೂತು ಬರೆದ ಪಂಡಿತನಲ್ಲ. 1604ರಲ್ಲಿ ಇಬ್ರಾಹಿಮನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಟ್ಟಾಗ, ಮದುಮಗಳ ದಿಬ್ಬಣದ ಜೊತೆ ಹೋಗಿ ಬುರ್ಹಾನ್‌ಪುರದ ತನಕ ಬಿಟ್ಟು ಬಂದವರಲ್ಲಿ ಈತನೂ ಒಬ್ಬ. ಅಕ್ಬರ್ ತೀರಿಕೊಂಡ ಮೇಲೆ ಜಹಾಂಗೀರನ ಬಳಿಗೆ ರಾಯಭಾರಿಯಾಗಿ ಲಾಹೋರಿಗೂ ಹೋದ. ಇನ್ನೊಂದು ಕೆಲಸವನ್ನಂತೂ ನಮ್ಮವರು ನೆನೆಯುವುದೇ ಇಲ್ಲ. ಆಯುರ್ವೇದವನ್ನು ಫಾರಸಿ ಓದುವವರಿಗೆ ತಿಳಿಸಲು ಆತ ‘ದಸ್ತೂರುಲ್ ಅತಿಬ್ಬಾ’ ಎಂಬ ವೈದ್ಯಗ್ರಂಥ ಬರೆದ. ಇಲ್ಲಿನ ಮದ್ದು, ಇಲ್ಲಿನ ಪಥ್ಯ, ಇಲ್ಲಿನ ವೈದ್ಯರ ಮಾತು. ಇರಾನಿನಲ್ಲಿ ಹುಟ್ಟಿದವನೊಬ್ಬ ವಿಜಯಪುರದ ನೀರು ಕುಡಿದು, ಈ ನೆಲದ ವೈದ್ಯವನ್ನು ತನ್ನವರಿಗೆ ಕಲಿಸಲು ಕೂತದ್ದು ನನಗೆ ಆತನ ಇತಿಹಾಸಕ್ಕಿಂತ ಹೆಚ್ಚು ಮಾತಾಡುತ್ತದೆ. ‘ಹೊರಗಿನವನಾ’ ಎಂಬ ನಿಮ್ಮ ಪ್ರಶ್ನೆಗೆ ಇದನ್ನೂ ಸೇರಿಸಿಕೊಳ್ಳಿ.

ಇನ್ನು ಪುಸ್ತಕ. ಅದು ಬರೀ ವಿಜಯಪುರದ ಕಥೆಯಲ್ಲ. ಒಂದು ಪೀಠಿಕೆ, ಹನ್ನೆರಡು ಭಾಗ, ಒಂದು ಸಮಾಪ್ತಿ. ಪೀಠಿಕೆಯಲ್ಲಿ ಹಿಂದೂಸ್ತಾನದ ಹಳೆಯ ರಾಜರು, ಹಿಂದೂಗಳ ನಂಬಿಕೆಗಳು. ಅದಕ್ಕೆ ಅಕ್ಬರನ ಕಾಲದಲ್ಲಿ ಫಾರಸಿಗೆ ಬಂದ ಮಹಾಭಾರತವೇ ಆಧಾರ. ಆಮೇಲೆ ಗಜನಿ, ದೆಹಲಿ, ದಖನ್, ಗುಜರಾತ್, ಮಾಳವ, ಬಂಗಾಳ, ಸಿಂಧ್, ಕಾಶ್ಮೀರ ಹೀಗೆ ಸಾಗಿ ಮಲಬಾರಿಗೆ ಬರುತ್ತಾನೆ. ಹನ್ನೆರಡನೆಯದು ಸೂಫಿ ಸಂತರದು. ಕೊನೆಯಲ್ಲಿ ನಾಡಿನ ಭೂಗೋಳ, ಹವೆ. ದೆಹಲಿ ಒಂದು ಭಾಗ, ದಖನ್ ಇನ್ನೊಂದು ಭಾಗ. ದೆಹಲಿಯಲ್ಲಿ ಕೂತು ಬರೆದವರು ದಖನಿಗೆ ಇಷ್ಟು ಜಾಗ ಕೊಟ್ಟಿರಲಿಲ್ಲ. ಮೂವತ್ತಕ್ಕೂ ಹೆಚ್ಚು ಪುಸ್ತಕಗಳ ಹೆಸರನ್ನು ಮೊದಲೇ ಹೇಳಿಕೊಂಡಿದ್ದಾನೆ. ಆ ಕಾಲಕ್ಕೆ ಇದು ದೊಡ್ಡ ಪ್ರಾಮಾಣಿಕತೆ.

ಈಗ ನಂಬಿಕೆಯ ಪ್ರಶ್ನೆ. ಉದಾಹರಣೆ ಹಿಡಿದೇ ಹೋಗೋಣ. ಜೋಳ ಕೇರುವಾಗ ಕಾಳು, ಹೊಟ್ಟು, ಕಲ್ಲು ಬೇರೆ ಮಾಡುವಂತೆ ಆತನ ಮಾತನ್ನು ಬೇರೆ ಬೇರೆ ಮಾಡಿ ನೋಡಬೇಕು.

ಮೊದಲು ಗಟ್ಟಿ ಕಾಳು. 1366ರ ಬಹಮನಿ-ವಿಜಯನಗರ ಯುದ್ಧದ ಕಥೆ ನೀವು ಕೇಳಿರಬಹುದು. ಕಲಬುರಗಿಯಲ್ಲಿ ಒಂದನೇ ಮುಹಮ್ಮದ್ ಶಾಹ ಹಾಡುಗಾರರ ಮೇಲೆ ಖುಷಿಯಾಗಿ, ಅವರ ಬಹುಮಾನವನ್ನು ವಿಜಯನಗರದ ಖಜಾನೆಯಿಂದ ಪಡೆಯಿರಿ ಎಂದು ಚೀಟಿ ಬರೆದುಕೊಟ್ಟ. ಚೀಟಿ ತಂದವನನ್ನು ವಿಜಯನಗರದ ರಾಜ ಕತ್ತೆಯ ಮೇಲೆ ಮೆರವಣಿಗೆ ಮಾಡಿಸಿದ. ಸೈನ್ಯ ತೆಗೆದುಕೊಂಡು ಬಂದು ಮುದಗಲ್ಲಿನ ಮೇಲೆ ಬಿದ್ದ. ಆಮೇಲೆ ಭೀಕರ ರಕ್ತಪಾತ. ಕೊನೆಗೆ, ಇನ್ನು ಮುಂದೆ ಆಯುಧ ಹಿಡಿಯದವರನ್ನು ಕೊಲ್ಲಬಾರದು ಎಂಬ ಒಪ್ಪಂದ. ಇದನ್ನೆಲ್ಲ ಫೆರಿಷ್ತಾ ಎಲ್ಲಿಂದ ತಂದ? ಮುಲ್ಲಾ ದಾವೂದ್ ಬೀದರಿ ಎಂಬವನ ಪುಸ್ತಕದಿಂದ. ದಾವೂದ್ ಆ ಕಾಲದಲ್ಲಿ ಸುಲ್ತಾನನ ಮುದ್ರೆ ಹಿಡಿದು ಜೊತೆಯಲ್ಲಿ ಇರುತ್ತಿದ್ದ ಹುಡುಗ. ದಾವೂದನ ಪುಸ್ತಕ ಈಗ ಇಲ್ಲ. ಅದರ ಮಾತು ನಮಗೆ ಉಳಿದದ್ದು ಫೆರಿಷ್ತಾನಿಂದಲೇ. ಆತನನ್ನು ಬೇಡ ಎಂದು ಎತ್ತಿ ಎಸೆಯುವವರು ಇದನ್ನು ಮರೆಯಬಾರದು.

ಆದರೆ ಅದೇ ಪುಟಗಳಲ್ಲಿ ಕಲ್ಲೂ ಇದೆ. ಆ ಯುದ್ಧದ ವಿಜಯನಗರದ ರಾಜನಿಗೆ ಆತ ಕೊಡುವ ಹೆಸರು ಕೃಷ್ಣರಾಯ! ಆಗ ಆಳುತ್ತಿದ್ದವನು ಬುಕ್ಕ. ಕೃಷ್ಣದೇವರಾಯ ಹುಟ್ಟಲು ಇನ್ನೂ ನೂರು ವರ್ಷದ ಮೇಲಿತ್ತು. ಸತ್ತವರ ಲೆಕ್ಕವನ್ನೋ ಲಕ್ಷಗಳಲ್ಲಿ ಹೇಳುತ್ತಾನೆ. ಫಾರಸಿ ಇತಿಹಾಸಗಳಲ್ಲಿ ಇಂಥ ಅಂಕಿ ಹೇಳುವುದು ಒಂದು ರೂಢಿ, ಗೆಲುವಿನ ದೊಡ್ಡಸ್ತಿಕೆ ತೋರಿಸಲಿಕ್ಕೆ. ಅದನ್ನು ಇವತ್ತಿನ ಜನಗಣತಿಯ ಹಾಗೆ ಓದಿದರೆ ತಪ್ಪು ನಮ್ಮದು. ರಾಜರ ಹೆಸರು ತಪ್ಪಿದ್ದಕ್ಕೆ ಕಾರಣ ಬೇರೆ. ಆತನಿಗೆ ಕನ್ನಡ ಶಾಸನ ಓದುವ ದಾರಿ ಇರಲಿಲ್ಲ. ವಿಜಯಪುರದ ಒಳಕೋಟೆಯಲ್ಲಿ ಕರೀಮುದ್ದೀನನ ಮಸೀದಿ ಇದೆ. ಅದರ ಕಂಬಗಳು ಹಳೆಯ ದೇವಾಲಯದವು. ಕೋಟೆಯಲ್ಲಿ ಹಳಗನ್ನಡದ ಶಾಸನಗಳೂ ಸಿಕ್ಕಿವೆ. ಆತ ಆ ಕಲ್ಲುಗಳ ಪಕ್ಕದಲ್ಲೇ ವರ್ಷಗಟ್ಟಲೆ ಓಡಾಡಿದ. ಮಹಾಭಾರತ ಆತನಿಗೆ ಫಾರಸಿಯಲ್ಲಿ ಸಿಕ್ಕಿತು, ಓದಿದ. ಬಾಗಿಲಲ್ಲೇ ಇದ್ದ ಕನ್ನಡ ಮಾತ್ರ ಮೂಕವಾಗಿ ಉಳಿಯಿತು. ಆತನ ದೊಡ್ಡ ಕೊರತೆ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ, ಮತದ ಪಕ್ಷಪಾತವನ್ನಲ್ಲ.

ಹೊಟ್ಟಿಗೆ ಉದಾಹರಣೆ ಬೇಕಾದರೆ ಹಸನ್ ಗಂಗು ಕಥೆ. ಬಹಮನಿ ರಾಜ್ಯ ಕಟ್ಟಿದ ಹಸನ್ ಮೊದಲು ದೆಹಲಿಯಲ್ಲಿ ಗಂಗು ಎಂಬ ಬ್ರಾಹ್ಮಣನ ಹೊಲ ಉಳುತ್ತಿದ್ದ, ನಿಧಿ ಸಿಕ್ಕಿತು, ಪ್ರಾಮಾಣಿಕವಾಗಿ ಒಡೆಯನಿಗೆ ಒಪ್ಪಿಸಿದ, ನೀನು ರಾಜನಾಗುತ್ತಿ ಎಂದು ಬ್ರಾಹ್ಮಣ ಭವಿಷ್ಯ ಹೇಳಿದ. ಕೇಳಲು ಚೆಂದ. ನಮ್ಮ ಶಾಲೆಗಳಲ್ಲಿ ಎಷ್ಟೋ ವರ್ಷ ಇದನ್ನೇ ಕಲಿಸಿದೆವು. ಆದರೆ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಬಹಮನಿಗಳು ತಮ್ಮನ್ನು ಇರಾನಿನ ಪುರಾಣದ ರಾಜ ಬಹಮನನ ವಂಶದವರು ಎಂದು ಹೇಳಿಕೊಳ್ಳುತ್ತಿದ್ದರು. ಆದಿಲ್ ಶಾಹಿ ಸ್ಥಾಪಕ ಯೂಸುಫ್ ಆದಿಲ್ ಖಾನ್ ತುರ್ಕಿಯ ಒಟ್ಟೋಮನ್ ಸುಲ್ತಾನ ಮುರಾದನ ಮಗ, ಕೊಲೆಯಿಂದ ತಪ್ಪಿಸಿಕೊಂಡು ಬಂದವನು ಎಂಬ ಕಥೆಯೂ ಫೆರಿಷ್ತಾನದ್ದೇ. ಅದೇ ಕಾಲದಲ್ಲಿ, ಅದೇ ವಿಜಯಪುರದಲ್ಲಿ ಕೂತು ‘ತಜ್ಕಿರತುಲ್ ಮುಲೂಕ್’ ಬರೆದ ರಫಿಯುದ್ದೀನ್ ಶಿರಾಜಿ ಬೇರೆಯೇ ಹೇಳುತ್ತಾನೆ. ಅವನ ಪ್ರಕಾರ ಯೂಸುಫನ ಮನೆತನ ಇರಾನಿನ ಸಾವಾದ ಕಡೆಯದು. ಅನ್ನ ಕೊಟ್ಟ ಧಣಿಯ ಮೂಲಪುರುಷನಿಗೆ ಒಟ್ಟೋಮನ್ ರಕ್ತ ಹಚ್ಚುವುದರಲ್ಲಿ ಫೆರಿಷ್ತಾನಿಗೆ ಲಾಭವಿತ್ತು, ಅಲ್ವಾ?

ಸೋಮನಾಥದ್ದೂ ಇದೇ ಜಾತಿ. ಮಹಮೂದ್ ಘಜ್ನವಿ ಅಲ್ಲಿನ ಮೂರ್ತಿಯ ಹೊಟ್ಟೆ ಒಡೆದಾಗ ರತ್ನಗಳು ಸುರಿದವು ಎಂಬ ಮಾತು ಫೆರಿಷ್ತಾನಿಂದಲೇ ಜಗತ್ತಿಗೆಲ್ಲ ಹಬ್ಬಿತು. ಅಲ್ಲಿದ್ದದ್ದು ಗಟ್ಟಿ ಕಲ್ಲಿನ ಲಿಂಗ. ಆತ ಬರೆದದ್ದು ಘಟನೆ ನಡೆದು ಸುಮಾರು ಆರು ನೂರು ವರ್ಷದ ಮೇಲೆ.

ಇನ್ನು ನಿಮ್ಮ ಊರಿನ ಯುದ್ಧ. ಒಂದು ಸಣ್ಣ ತಿದ್ದುಪಡಿ: ಸುಲ್ತಾನರು ಬೀಡು ಬಿಟ್ಟದ್ದು ತಾಳಿಕೋಟೆಯ ಬಳಿ, ಯುದ್ಧ ನಡೆದದ್ದು ಕೃಷ್ಣೆಯ ದಂಡೆಯ ಕಡೆ. ಅದಕ್ಕೇ ರಕ್ಕಸಗಿ-ತಂಗಡಗಿ ಯುದ್ಧ ಅಂತಲೂ ಹೇಳುತ್ತೇವೆ. ನೀವು ಆ ಕಡೆಯವರೇ, ನಿಮಗೆ ನಾನು ಹೇಳಬೇಕಾಗಿಲ್ಲ. ನಡೆದದ್ದು 1565ರ ಜನವರಿಯಲ್ಲಿ. ಅಂದರೆ ಫೆರಿಷ್ತಾ ಹುಟ್ಟುವ ಕೆಲವು ವರ್ಷ ಮೊದಲಿನ ಘಟನೆ. ಆತ ಅಲ್ಲಿ ಇರಲಿಲ್ಲ. ಬರೆದದ್ದು ನಲವತ್ತು ವರ್ಷದ ಮೇಲೆ.

ಹಾಗಂತ ಬಿಸಾಡುವಂತಿಲ್ಲ. ಆತ ಬೆಳೆದದ್ದು ಅಹ್ಮದ್‌ನಗರದಲ್ಲಿ. ಆ ಯುದ್ಧದಲ್ಲಿ ತೋಪುಗಳನ್ನು ತಂದು ನಿಲ್ಲಿಸಿದ್ದು ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹನ ಸೈನ್ಯವೇ. ಫೆರಿಷ್ತಾ ಹುಡುಗನಾಗಿದ್ದಾಗ ಆ ದಂಡಿಗೆ ಹೋಗಿ ಬಂದ ಹಳಬರು ಇನ್ನೂ ಬದುಕಿದ್ದ ಕಾಲ. ಅದಕ್ಕೇ ಆತನ ಯುದ್ಧದ ವಿವರದಲ್ಲಿ ಸೈನಿಕರ ಬಾಯಿಮಾತಿನ ವಾಸನೆ ಇದೆ. ನದಿಯ ಹಾಯ್‌ಗಡವನ್ನು ವಿಜಯನಗರದ ರಾಮರಾಯನ ಕಡೆಯವರು ಕಾಯುತ್ತಿದ್ದರು. ಸುಲ್ತಾನರ ಸೈನ್ಯ ದಂಡೆಗುಂಟ ಮೂರು ದಿನ ನಡೆದು, ಬೇರೆಲ್ಲೋ ದಾಟುವ ಹಾಗೆ ತೋರಿಸಿ, ಎದುರಿನವರು ಜಾಗ ಬಿಟ್ಟು ಹೊರಟ ಮೇಲೆ ಸರ್ರನೆ ಹಿಂದಕ್ಕೆ ಬಂದು ದಾಟಿತು. ತೋಪಿಗೆ ಗುಂಡಿನ ಬದಲು ತಾಮ್ರದ ನಾಣ್ಯದ ಚೀಲ ತುಂಬಿ ಹತ್ತಿರದಿಂದ ಹೊಡೆದರು. ವಯಸ್ಸಾಗಿದ್ದ ರಾಮರಾಯ ಪಲ್ಲಕ್ಕಿಯಲ್ಲಿದ್ದ, ಆನೆಯೊಂದು ನುಗ್ಗಿ ಬಂದಾಗ ಹೊತ್ತವರು ಬಿಟ್ಟು ಓಡಿದರು, ಸೆರೆ ಸಿಕ್ಕ. ಹುಸೇನ್ ನಿಜಾಮ್ ಶಾಹ ಅಲ್ಲೇ ತಲೆ ತೆಗೆಸಿದ. ಇಂಥ ವಿವರಗಳು ಬಹಳ ಬೆಲೆಯುಳ್ಳವು. ಲಕ್ಷ ಜನ ಸತ್ತರು ಎಂಬ ಅಂಕಿಯನ್ನು ಮಾತ್ರ ಬದಿಗಿಡಿ.

ಕಾರಣ ಹೇಳುವಾಗ ಆತ ಇನ್ನೊಂದು ದನಿಗೆ ಹೊರಳುತ್ತಾನೆ. ರಾಮರಾಯನ ಸೈನ್ಯ ಅಹ್ಮದ್‌ನಗರದ ಮಸೀದಿಗಳನ್ನು ಕೆಡಿಸಿತು, ಅದಕ್ಕೆ ಸುಲ್ತಾನರು ಒಂದಾದರು ಎನ್ನುತ್ತಾನೆ. ಹೀಗೆ ಅದು ಧರ್ಮಯುದ್ಧವಾಗಿಬಿಡುತ್ತದೆ. ತಮಾಷೆ ಎಂದರೆ, ಇದಕ್ಕೆ ಎದುರು ಸಾಕ್ಷಿಯೂ ಆತನದೇ ಪುಸ್ತಕ. ಕೆಲವು ವರ್ಷ ಹಿಂದೆ ವಿಜಯಪುರದ ಅಲಿ ಆದಿಲ್ ಶಾಹ ಸ್ವತಃ ವಿಜಯನಗರಕ್ಕೆ ಹೋಗಿದ್ದ, ರಾಮರಾಯನ ಹೆಂಡತಿ ಆತನನ್ನು ಮಗ ಎಂದು ಕರೆದಳು, ಇಬ್ಬರೂ ಸೇರಿ ಅಹ್ಮದ್‌ನಗರದ ಮೇಲೆ ದಂಡೆತ್ತಿ ಹೋದರು. ಇದೆಲ್ಲ ಫೆರಿಷ್ತಾನೇ ಬರೆದದ್ದು. ಅಂದರೆ ಆ ಮಸೀದಿಗಳನ್ನು ಕೆಡಿಸಿದ ದಂಡಿನ ಪಕ್ಕದಲ್ಲಿ ವಿಜಯಪುರದ ಸುಲ್ತಾನನೂ ಇದ್ದ! ರಾಮರಾಯ ತರುಣನಾಗಿದ್ದಾಗ ಗೋಲ್ಕೊಂಡದ ಸುಲ್ತಾನನ ಕೈಕೆಳಗೆ ಚಾಕರಿ ಮಾಡಿದ್ದವನು. ಆತನ ಸೈನ್ಯದಲ್ಲಿ ಮುಸ್ಲಿಂ ಸರದಾರರಿದ್ದರು. ರಾಯಚೂರು, ಮುದಗಲ್ಲು ಯಾರ ಕೈಗೆ ಎಂಬುದೇ ಬಹಳ ದಿನದ ಜಗಳ. ನಾಲ್ಕು ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವ ರಾಮರಾಯನ ಆಟ ಕೊನೆಗೆ ಆತನಿಗೇ ಮುಳುವಾಯಿತು. ಆದ್ದರಿಂದ ಫೆರಿಷ್ತಾ ಕೊಡುವ ಘಟನೆಗಳನ್ನು ತೆಗೆದುಕೊಳ್ಳಿ. ಆತ ಕೊಡುವ ಕಾರಣಗಳನ್ನು ಆತನದೇ ಘಟನೆಗಳ ಪಕ್ಕ ಇಟ್ಟು ನೋಡಿ. ಇಲ್ಲೂ ರಫಿಯುದ್ದೀನ್ ಶಿರಾಜಿಯನ್ನು ಜೊತೆಗೆ ಓದುವುದು ಒಳ್ಳೆಯದು. ಅವನು 1560ರ ಹೊತ್ತಿಗೇ ವಿಜಯಪುರಕ್ಕೆ ಬಂದು ಅಲಿ ಆದಿಲ್ ಶಾಹನ ಸೇವೆಯಲ್ಲಿದ್ದವನು. ಯುದ್ಧದ ವರ್ಷಗಳನ್ನು ಬದುಕಿ ಕಂಡವನು.

ಪರದೇಶಿ ಗುಂಪಿನ ಸಿಟ್ಟೂ ಅಲ್ಲಲ್ಲಿ ಇಣುಕುತ್ತದೆ. ಒಂದನೇ ಇಬ್ರಾಹಿಂ ಆದಿಲ್ ಶಾಹ ಪರದೇಶಿಗಳನ್ನು ಕೆಲಸದಿಂದ ತೆಗೆದು, ಸುನ್ನಿ ಪದ್ಧತಿ ತಂದು, ಸರ್ಕಾರದ ಲೆಕ್ಕಪತ್ರವನ್ನು ಫಾರಸಿ ಬಿಡಿಸಿ ಇಲ್ಲಿನ ಭಾಷೆಗೆ ತಂದು ಬ್ರಾಹ್ಮಣರ ಕೈಗೆ ಕೊಟ್ಟ ಎಂದು ಫೆರಿಷ್ತಾ ಬರೆಯುತ್ತಾನೆ. ಆತನಿಗೆ ಅದು ಕೆಟ್ಟ ಸುದ್ದಿ. ಪರದೇಶಿಗಳ ಅನ್ನಕ್ಕೆ ಕಲ್ಲು ಬಿತ್ತಲ್ಲ! ನಮಗಾದರೋ ಅದು ಬಂಗಾರದಂಥ ಮಾಹಿತಿ. ಆದಿಲ್ ಶಾಹಿ ಆಡಳಿತ ಊರ ಕುಲಕರ್ಣಿಗಳ ಭುಜದ ಮೇಲೆ ಹೇಗೆ ನಿಂತಿತ್ತು ಎಂಬುದಕ್ಕೆ ಇದೊಂದು ಸಾಕ್ಷಿ. ಹೊಟ್ಟೆಯುರಿಯಿಂದ ಬರೆದ ಸಾಲನ್ನು ನಾನು ಹೊಗಳಿಕೆಯ ಸಾಲಿಗಿಂತ ಬೇಗ ನಂಬುತ್ತೇನೆ.

ಇಷ್ಟೆಲ್ಲ ಆದ ಮೇಲೂ ಒಂದು ತೊಡಕು ಉಳಿಯುತ್ತದೆ. ನಿಮ್ಮ ಗೆಳೆಯರು ಜಗಳವಾಡುತ್ತಿರುವ ಫೆರಿಷ್ತಾ ಬಹುಶಃ ಫಾರಸಿಯ ಫೆರಿಷ್ತಾ ಅಲ್ಲ, ಇಂಗ್ಲಿಷಿನವನು. 1768ರಲ್ಲಿ ಅಲೆಕ್ಸಾಂಡರ್ ಡೌ ದೆಹಲಿಯ ಭಾಗವನ್ನು ಮನಬಂದಂತೆ ಇಂಗ್ಲಿಷಿಗೆ ತಂದ. ರೋಮಿನ ಇತಿಹಾಸ ಬರೆದ ಗಿಬ್ಬನ್ ಕೂಡ ಘಜ್ನವಿಯ ಕಥೆಗೆ ಅದನ್ನೇ ನೆಚ್ಚಿಕೊಂಡ. 1794ರಲ್ಲಿ ಜೊನಾಥನ್ ಸ್ಕಾಟ್ ದಖನ್ ಭಾಗ ತಂದ. 1829ರಲ್ಲಿ ಜಾನ್ ಬ್ರಿಗ್ಸ್ ನಾಲ್ಕು ಸಂಪುಟಗಳಲ್ಲಿ ದೊಡ್ಡ ಅನುವಾದ ಮಾಡಿದ. ಈ ಬ್ರಿಗ್ಸ್ ಕಂಪನಿ ಸೈನ್ಯದ ಅಧಿಕಾರಿ, ಮುಂದೆ ಮೈಸೂರಿನ ಕಮಿಷನರೂ ಆದವನು. ಕಷ್ಟಪಟ್ಟು ಮಾಡಿದ ಕೆಲಸ, ಅದರಲ್ಲಿ ಅನುಮಾನವಿಲ್ಲ. ಆದರೆ ಪುಸ್ತಕಕ್ಕೆ ಆತ ಇಟ್ಟ ಹೆಸರು ನೋಡಿ: ಭಾರತದಲ್ಲಿ ಮುಸ್ಲಿಂ ಅಧಿಕಾರದ ಏಳಿಗೆಯ ಇತಿಹಾಸ. ಮಹಾಭಾರತದಿಂದ ಶುರುವಾಗಿ ನಾಡಿನ ಮಳೆ-ಗಾಳಿಯಲ್ಲಿ ಮುಗಿಯುವ ಪುಸ್ತಕ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಬರೀ ಗೆದ್ದವರ ಕಥೆಯಾಯಿತು. 1900ರಲ್ಲಿ ರಾಬರ್ಟ್ ಸೀವೆಲ್ ವಿಜಯನಗರದ ಮೇಲೆ ಬರೆಯುವಾಗ ಈ ಅನುವಾದವನ್ನೂ, ಪೋರ್ಚುಗೀಸ್ ಬರಹಗಳನ್ನೂ ಮುಂದಿಟ್ಟುಕೊಂಡ. ಸೀವೆಲ್‌ನಿಂದ ನಮ್ಮ ಪಠ್ಯಪುಸ್ತಕಕ್ಕೆ, ಅಲ್ಲಿಂದ ನಿಮ್ಮ ಚಹಾದ ಅಂಗಡಿಗೆ. ಮನಾನ್ ಅಹ್ಮದ್ ಆಸಿಫ್ ಎಂಬ ಇತಿಹಾಸಕಾರರು 2020ರ ತಮ್ಮ ಪುಸ್ತಕದಲ್ಲಿ ಇದನ್ನೇ ಎತ್ತಿ ಹಿಡಿದಿದ್ದಾರೆ. ಇಡೀ ಹಿಂದೂಸ್ತಾನವನ್ನು ಹಲವು ಜನರ ಒಂದು ನಾಡು ಎಂದು ಕಂಡು ಬರೆದವನು ಫೆರಿಷ್ತಾ, ಆ ನೋಟವನ್ನು ಅಳಿಸಿದ್ದು ಯುರೋಪಿನವರು ಎಂಬುದು ಅವರ ವಾದ. ಆ ವಾದ ಸ್ವಲ್ಪ ಹೆಚ್ಚಾಯಿತೇನೋ ಎಂದು ನನಗೆ ಅನಿಸುತ್ತದೆ. ಫೆರಿಷ್ತಾನ ಯುದ್ಧದ ಪುಟಗಳ ಕಟುಮಾತಿಗೆ ಬ್ರಿಗ್ಸ್‌ನನ್ನು ಹೊಣೆ ಮಾಡಲಾಗದು. ಹೆಸರಿನ ಬಗ್ಗೆ ಮಾತ್ರ ಅವರು ಹೇಳುವುದು ನೂರಕ್ಕೆ ನೂರು ಸರಿ.

ನಮ್ಮವನಾ ಎಂದು ಕೇಳಿದಿರಿ. ಹುಟ್ಟು ಕ್ಯಾಸ್ಪಿಯನ್ ಕಡೆ, ಓದು ಅಹ್ಮದ್‌ನಗರ, ಬರಹವೆಲ್ಲ ವಿಜಯಪುರ. ಉತ್ತರದ ಮೊಘಲರಿಗೆ ಆತ ದಖನಿನ ಸುಲ್ತಾನನ ದೂತ. ಇಲ್ಲಿನ ದಖನಿಗಳಿಗೆ ಪರದೇಶಿ. ಎರಡೂ ನಿಜವೇ. ನನ್ನನ್ನು ಕೇಳಿದರೆ, ವಿಜಯಪುರದ ಲೇಖಕರ ಪಟ್ಟಿಯಲ್ಲಿ ಆತನ ಹೆಸರು ಇರಲೇಬೇಕು. ತೊರವೆ ರಾಮಾಯಣದ ಕವಿಯ ಹೆಸರಿನಷ್ಟೇ ಸಲೀಸಾಗಿ ನಮ್ಮ ಬಾಯಿಗೆ ಬರಬೇಕು.

ಓದಲು ಎಲ್ಲಿಂದ ಶುರು ಮಾಡಬೇಕೆಂದರೆ, ಮೊದಲ ಪುಟದಿಂದ ಬೇಡ. ಬ್ರಿಗ್ಸ್‌ನ ನಾಲ್ಕು ಸಂಪುಟಗಳೂ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಎರಡನೆಯದರಲ್ಲಿ ಬಹಮನಿಗಳು, ಮೂರನೆಯದರಲ್ಲಿ ವಿಜಯಪುರ ಮತ್ತು ಅಹ್ಮದ್‌ನಗರ. ಇಂಗ್ಲಿಷು ಹಳೆಯದು, ಊರಿನ ಹೆಸರುಗಳ ಸ್ಪೆಲ್ಲಿಂಗು ವಿಚಿತ್ರ. ನಿಮಗೆ ಊರುಗಳು ಗೊತ್ತಿರುವುದರಿಂದ ಬೇಗ ಹಿಡಿತಕ್ಕೆ ಬರುತ್ತದೆ. ಕನ್ನಡದಲ್ಲಿ ಬೇಕೆಂದರೆ, ವಿಜಯಪುರದ ಬಿಎಲ್‌ಡಿಇ ಸಂಸ್ಥೆಯ ಹಳಕಟ್ಟಿ ಸಂಶೋಧನ ಕೇಂದ್ರ ಆದಿಲ್ ಶಾಹಿ ಕಾಲದ ಫಾರಸಿ, ದಖನಿ ಗ್ರಂಥಗಳನ್ನು ಕನ್ನಡಕ್ಕೆ ತರುವ ದೊಡ್ಡ ಕೆಲಸ ಮಾಡಿದೆ. ಅಲ್ಲಿ ಒಮ್ಮೆ ವಿಚಾರಿಸಿ.

ಮೊದಲು ಎರಡು ಪ್ರಸಂಗ ಓದಿ, ಎರಡೂ ಬೆಳಗಾವಿಯವು. ಒಂದು, 1472ರಲ್ಲಿ ಬಹಮನಿಗಳ ಮಂತ್ರಿ ಮಹಮೂದ್ ಗಾವಾನ್ ಬೆಳಗಾವಿ ಕೋಟೆ ಹಿಡಿದದ್ದು. ಗೋಡೆಯ ಕೆಳಗೆ ಸುರಂಗ ತೋಡಿ ಮದ್ದು ತುಂಬಿದ್ದು, ಸೋತ ರಾಜ ತನ್ನದೇ ದೂತನ ವೇಷದಲ್ಲಿ ಬಂದು ಬಹಮನಿ ಸುಲ್ತಾನನ ಮುಂದೆ ನಿಂತದ್ದು ಅಲ್ಲಿದೆ. ಇನ್ನೊಂದು 1594ರ ಸುಮಾರಿನದು. ಎರಡನೇ ಇಬ್ರಾಹಿಮನ ತಮ್ಮ ಇಸ್ಮಾಯಿಲ್ ಅದೇ ಕೋಟೆಯಲ್ಲಿ ಸೆರೆಯಲ್ಲಿದ್ದವನು ಬಂಡೆದ್ದದ್ದು. ಮೊದಲನೆಯದನ್ನು ಫೆರಿಷ್ತಾ ಪುಸ್ತಕ ನೋಡಿ ಬರೆದ. ಎರಡನೆಯದು ನಡೆದಾಗ ಆತ ಆ ಸುಲ್ತಾನನ ನೌಕರಿಯಲ್ಲೇ ಇದ್ದ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ, ಆಮೇಲೆ ತಾಳಿಕೋಟೆಯ ಪುಟಗಳಿಗೆ ಬನ್ನಿ.